ಸಾಲದ ಕಂತು ಆಸ್ಪತ್ರೆಯವರೇ ಕಟ್ಟುತ್ತಾರಂತೆ, ಬದಲಿಗೆ ಮೂರು ವರ್ಷದ ಬಾಂಡ್. ಸಹಿ ಹಾಕಲೇ?

ಬಾಯಾರಿನ ಹುಡುಗಿ · ಗುರುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿದ್ದೇನೆ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ಶಿಕ್ಷಣ ಸಾಲ ಇದೆ. ಅಮ್ಮ ಸಹಸಾಲಗಾರ್ತಿ. ಕೋರ್ಸ್ ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಏರುತ್ತಲೇ ಇದೆ. ಕಂತು ಶುರುವಾಗುವಾಗ ಬಾಕಿ ಸುಮಾರು 5.4 ಲಕ್ಷ ಆಗುತ್ತದೆ, ಏಳು ವರ್ಷಕ್ಕೆ ತಿಂಗಳಿಗೆ 9,000ದ ಹತ್ತಿರ ಬರುತ್ತದೆ ಎಂದು ಬ್ಯಾಂಕಿನಲ್ಲಿ ಹೇಳಿದ್ದಾರೆ. ಬಡ್ಡಿ ದರ ಶೇ. 10.

ಈಗ ಮಂಗಳೂರಿನ ಒಂದು ಆಸ್ಪತ್ರೆಯಿಂದ ಕರೆ ಬಂದಿದೆ. ಹೆಸರು ಬೇಡ. ಸಂಬಳ 16,500. ಅದರ ಮೇಲೆ ತಿಂಗಳಿಗೆ 5,000 ರೂಪಾಯಿಯನ್ನು ಅವರೇ ನೇರವಾಗಿ ನನ್ನ ಸಾಲದ ಖಾತೆಗೆ ಕಟ್ಟುತ್ತಾರೆ. ಮೂರು ವರ್ಷ ಬಿಡುವಂತಿಲ್ಲ. ಬಿಟ್ಟರೆ ಅಲ್ಲಿಯವರೆಗೆ ಕಟ್ಟಿದ ಹಣವನ್ನೆಲ್ಲ ಹಿಂದಿರುಗಿಸಬೇಕು, ಜೊತೆಗೆ ತರಬೇತಿ ವೆಚ್ಚವೆಂದು 1 ಲಕ್ಷ ಕೊಡಬೇಕು. ಮೂಲ ಸರ್ಟಿಫಿಕೇಟುಗಳನ್ನು ಅವರಲ್ಲಿ ಇಡಬೇಕು. ಅಮ್ಮನ ಸಹಿ ಇರುವ ಎರಡು ಖಾಲಿ ಚೆಕ್ ಕೇಳಿದ್ದಾರೆ. ಬರುವ ಮಂಗಳವಾರದ ಒಳಗೆ ಉತ್ತರ ಹೇಳಬೇಕಂತೆ.

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ಕಡೆ 20,000 ಕೊಡುತ್ತೇವೆ ಎಂದಿದ್ದಾರೆ, ಬಾಂಡ್ ಇಲ್ಲ. ಆದರೆ ನನ್ನ ನೋಂದಣಿ ಇರುವುದು ಕರ್ನಾಟಕದ ನರ್ಸಿಂಗ್ ಪರಿಷತ್ತಿನಲ್ಲಿ. ಕೇರಳದ ನೋಂದಣಿ ಕೈಗೆ ಬರುವವರೆಗೆ ಅಲ್ಲಿ ಸೇರುವಂತಿಲ್ಲ.

ಕರಾರು ಆರು ಪುಟ, ಪೂರ್ತಿ ಇಂಗ್ಲಿಷಿನಲ್ಲಿದೆ. ರಾತ್ರಿ ಊಟವಾದ ಮೇಲೆ ಅಮ್ಮನಿಗೆ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಅಮ್ಮ ಏನೂ ಮಾತನಾಡಲಿಲ್ಲ. 1,00,000 ಎಂದು ಇರುವಲ್ಲಿ ಬೆರಳಿಟ್ಟು ಸೊನ್ನೆಗಳನ್ನು ಎಣಿಸಿದರು. ಅಡಿಕೆಗೆ ಈ ಸಲ ಕೊಳೆರೋಗ ಬಂದು ಅರ್ಧ ಫಸಲು ಬುಡಕ್ಕೆ ಬಿದ್ದಿದೆ. ಹಾಗಾಗಿ ಅಪ್ಪನಿಗೆ ಈ ನೆರವು ದೇವರೇ ಕೊಟ್ಟಂತೆ ಕಾಣುತ್ತಿದೆ. ನನಗೆ ಮಾತ್ರ ಧೈರ್ಯ ಬರುತ್ತಿಲ್ಲ.

ಉಪ್ಪಳ ಗೇಟು · 9.52

ಖಾಲಿ ಚೆಕ್ ಕೇಳಿದ ಕಡೆ ಕೆಲಸವೇ ಬೇಡ. ನನ್ನ ಉತ್ತರ ಇಷ್ಟೇ.

ತೋಟದ ಮಾವ · 10.05

ಹಾಗೆ ಒಂದೇ ಮಾತಿನಲ್ಲಿ ತಳ್ಳಿಹಾಕಬೇಡಿ. ಮೂರು ವರ್ಷಕ್ಕೆ 1.8 ಲಕ್ಷ ಆಯಿತು. ಈ ಕಾಲದಲ್ಲಿ ಯಾರು ಕೊಡುತ್ತಾರೆ ಅಷ್ಟು? ಮಗು ಹೇಗೂ ಎಲ್ಲಾದರೂ ಮೂರು ವರ್ಷ ಕೆಲಸ ಮಾಡಲೇಬೇಕು. ಅನುಭವ ಇಲ್ಲದವರನ್ನು ಮುಂದೆ ಗಲ್ಫಿಗೂ ಕರೆಯುವುದಿಲ್ಲ. ನಿಂತು ದುಡಿಯುತ್ತೇನೆ ಎನ್ನುವವಳಿಗೆ ಬಾಂಡಿನ ಭಯ ಯಾಕೆ?

ಉಪ್ಪಳ ಗೇಟು · 10.08

ಮಾವ, ಭಯ ಮೂರು ವರ್ಷದ ಕೆಲಸದ್ದಲ್ಲ. ಖಾಲಿ ಚೆಕ್ಕಿನಲ್ಲಿ ಮೊತ್ತ ಬರೆಯುವವರು ಅವರು. ಚೆಕ್ ತಿರಸ್ಕೃತವಾದರೆ ಮೊಕದ್ದಮೆ ಬರುವುದು ಸಹಿ ಹಾಕಿದ ಆ ತಾಯಿಯ ಮೇಲೆ.

ರಾತ್ರಿ ಪಾಳಿ · 10.31

ತಂಗಿ, ನಾನು ಇಂಥದ್ದೇ ಒಂದು ಯೋಜನೆಯಲ್ಲಿ ಮೂರು ವರ್ಷ ದುಡಿದು ಹೊರಬಂದವಳು. ನನಗೆ ಒಳ್ಳೆಯದೇ ಆಯಿತು, ಅದನ್ನೂ ಹೇಳಬೇಕಲ್ಲ.

ನಮ್ಮ ಮನೆಯಲ್ಲಿ ಕೈಗೆ ಬಂದ ಹಣ ಉಳಿಯುತ್ತಿರಲಿಲ್ಲ. ತಮ್ಮನ ಫೀಸು, ಅಜ್ಜಿಯ ಮದ್ದು, ತೋಟಕ್ಕೆ ಸುಣ್ಣ ಮೈಲುತುತ್ತು. ಆಸ್ಪತ್ರೆಯವರು ನೇರ ಬ್ಯಾಂಕಿಗೆ ಕಟ್ಟಿದ್ದರಿಂದ ಆ ಹಣವನ್ನು ಯಾರೂ ಮುಟ್ಟುವಂತಿರಲಿಲ್ಲ. ಮೂರು ವರ್ಷವೂ ಒಂದೇ ಒಂದು ಕಂತು ತಪ್ಪಲಿಲ್ಲ. ಅಷ್ಟರಲ್ಲಿ ಐಸಿಯು ಕೆಲಸ ಕಲಿತೆ. ಮೊದಲ ತಿಂಗಳು ಕೈ ನಡುಗುತ್ತಿತ್ತು. ಎಂಟು ತಿಂಗಳ ಮಗುವಿಗೆ ನರ ಸಿಗದೆ ಎಲ್ಲರೂ ಕೈಚೆಲ್ಲಿದ ಒಂದು ರಾತ್ರಿ ಹಿರಿಯ ಸಿಸ್ಟರ್ ನನ್ನ ಕೈ ಹಿಡಿದು, ಪಾದದ ಮೇಲೆ ಬೆರಳಿನಿಂದ ಒತ್ತಿ ನರವನ್ನು ಹೇಗೆ ಗುರುತಿಸಬೇಕು ಎಂದು ತೋರಿಸಿಕೊಟ್ಟರು. ಆ ಕಲಿಕೆಗೆ ನಾನು ಬೆಲೆ ಕಟ್ಟಲಾರೆ.

ಆದರೆ ನನ್ನ ಕರಾರಿನಲ್ಲಿ ಖಾಲಿ ಚೆಕ್ ಇರಲಿಲ್ಲ, ಸರ್ಟಿಫಿಕೇಟಿನ ನಕಲು ಮಾತ್ರ ಕೊಟ್ಟಿದ್ದೆ. ಇನ್ನೊಂದು ಮುಖ್ಯ ವಿಷಯ: ಒಂದು ವರ್ಷ ಆದ ಮೇಲೆ ಬಿಟ್ಟರೆ ದಂಡ ಮೂರನೇ ಎರಡು ಪಾಲು, ಎರಡು ವರ್ಷ ಆದ ಮೇಲೆ ಬಿಟ್ಟರೆ ಮೂರನೇ ಒಂದು ಪಾಲು ಎಂದು ಬರೆದಿತ್ತು. ನಿನ್ನದರಲ್ಲಿ ಹಾಗೆ ಇದೆಯೇ ನೋಡು.

ಬಾಯಾರಿನ ಹುಡುಗಿ · 10.44

ಇಲ್ಲ ಅಕ್ಕ. ಮೂವತ್ತೈದನೇ ತಿಂಗಳಿನಲ್ಲಿ ಬಿಟ್ಟರೂ ಪೂರ್ತಿ ಕೊಡಬೇಕು. ಮಂಜೂರಾಗದ ರಜೆ ಹಾಕಿದರೆ ಅಷ್ಟು ದಿನ ಬಾಂಡ್ ಮುಂದಕ್ಕೆ ಹೋಗುತ್ತದೆ ಎಂದೂ ಇದೆ.

ರಾತ್ರಿ ಪಾಳಿ · 10.46

ಹಾಗಾದರೆ ನನ್ನದನ್ನೂ ನಿನ್ನದನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ.

ಮಂಜೇಶ್ವರದಿಂದ · 10.58

ರಜೆಯ ಮಾತು ಬಂದಾಗ 2020ರ ಮಾರ್ಚ್ ನೆನಪಾಗುತ್ತದೆ. ಕೊರೊನಾ ಎಂದು ತಲಪಾಡಿಯಲ್ಲಿ ಕೇರಳ–ಕರ್ನಾಟಕ ಗಡಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು. ನಮ್ಮ ಕಡೆಯ ರೋಗಿಗಳು ಮಂಗಳೂರಿಗೆ ಹೋಗಲಾಗದೆ ಸತ್ತರು. ನನ್ನ ತಂಗಿ ಅಲ್ಲಿ ನರ್ಸ್. ಮನೆಗೆ ಬಂದಿದ್ದವಳು ಇಲ್ಲಿಯೇ ಸಿಕ್ಕಿಬಿದ್ದಳು. ಆ ದಿನಗಳನ್ನೆಲ್ಲ ಹೇಳದೆ ಹಾಕಿದ ರಜೆ ಎಂದು ಬರೆದುಕೊಂಡರು! ಗಡಿ ಮುಚ್ಚಿದ್ದು ಸರಕಾರ, ಲೆಕ್ಕ ಬರೆದದ್ದು ಅವಳ ಹೆಸರಿಗೆ. ಗಡಿಯ ಈಚೆ ಮನೆ, ಆಚೆ ಕೆಲಸ ಇರುವ ನಮ್ಮಂಥವರು ಆ ಷರತ್ತನ್ನು ಎರಡು ಸಲ ಓದಬೇಕು.

ಕುಂಬಳೆ ಕೋಟೆ · 11.10

ಅದಕ್ಕೇ ಹೇಳುವುದು, ನಮ್ಮ ಜಿಲ್ಲೆಯಲ್ಲೇ ದೊಡ್ಡ ಆಸ್ಪತ್ರೆ ಬೇಕು ಎಂದು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಎಷ್ಟು ವರ್ಷ ಎಳೆದರು! ಎಂಡೋಸಲ್ಫಾನ್ ಕೀಟನಾಶಕದಿಂದ ಕಾಯಿಲೆಬಿದ್ದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಈಗಲೂ ಮಂಗಳೂರಿಗೋ ಕಣ್ಣೂರಿನ ಪರಿಯಾರಕ್ಕೋ ಬಸ್ ಹತ್ತುತ್ತಾರೆ.

ಪೆರ್ಲದವ · 11.15

ನಿಜ, ಆದರೆ ಅದಕ್ಕೆ ಬೇರೆ ಚರ್ಚೆ ತೆರೆಯೋಣ. ಹುಡುಗಿಗೆ ಮಂಗಳವಾರದ ಗಡುವು ಇದೆ.

ಲೆಕ್ಕದ ಮಾಸ್ಟರು · ಶುಕ್ರವಾರ ಬೆಳಿಗ್ಗೆ 6.20

ಮಗಳೇ, ನಿನ್ನೆ ರಾತ್ರಿಯೇ ಓದಿದೆ, ಲೆಕ್ಕ ಹಾಕಿ ಬರೆಯೋಣ ಎಂದು ಕಾದೆ.

ಮಂಗಳೂರಿನದು 16,500 ಮತ್ತು 5,000, ಒಟ್ಟು 21,500. ಕಾಸರಗೋಡಿನದು 20,000. ವ್ಯತ್ಯಾಸ ತಿಂಗಳಿಗೆ 1,500 ಮಾತ್ರ. ಬಾಯಾರಿನಿಂದ ಪಾಳಿ ಕೆಲಸಕ್ಕೆ ದಿನಾ ಮಂಗಳೂರಿಗೆ ಹೋಗಿ ಬರುವುದು ಆಗದ ಮಾತು. ಹಾಸ್ಟೆಲಿಗೆ ಎಷ್ಟು ಹಿಡಿಯುತ್ತಾರೆ? 2,500 ಎಂದಿಟ್ಟುಕೊಂಡರೂ ಆ ಲಾಭ ಹೋಗಿ ತಿಂಗಳಿಗೆ ಸಾವಿರ ರೂಪಾಯಿ ಕೈಯಿಂದಲೇ ಹೋಯಿತು. ವರ್ಷದ ಏರಿಕೆಯನ್ನು ಅವರು ಲೆಕ್ಕ ಹಾಕುವುದು 16,500ರ ಮೇಲೆ, ನೆರವಿನ 5,000ದ ಮೇಲೆ ಅಲ್ಲ. ಮುಂದೆ ಬೇರೆ ಕಡೆ ಕೆಲಸ ಕೇಳುವಾಗ ಸಂಬಳದ ಚೀಟಿಯಲ್ಲಿ ಕಾಣುವುದೂ ಅದೇ 16,500.

ಆದ್ದರಿಂದ ಅವರ ಹತ್ತಿರ ಒಂದು ಪ್ರಶ್ನೆ ಕೇಳು: "ಈ ನೆರವು ನನಗೆ ಬೇಡ, ಬಾಂಡೂ ಬೇಡ. ಆಗ ಸಂಬಳ ಎಷ್ಟು?" ಅವರು ಹೇಳುವ ಅಂಕಿಯಲ್ಲಿ ನಿಜವಾದ ನೆರವು ಎಷ್ಟೆಂದು ಹೊರಬೀಳುತ್ತದೆ. ಬಾಂಡ್ ಇಲ್ಲದವರಿಗೂ 16,500 ಎಂದಾದರೆ 5,000 ನಿಜಕ್ಕೂ ನೆರವು. 20,000 ಎಂದಾದರೆ ನಿನ್ನದೇ ಹಣವನ್ನು ನಿನ್ನ ಹೆಸರಿನಲ್ಲಿ ಬ್ಯಾಂಕಿಗೆ ಕಟ್ಟಿ, ಅದಕ್ಕೆ ನಿನ್ನನ್ನೇ ಕಟ್ಟಿಹಾಕಿದಂತೆ.

ತೋಟದ ಮಾವ · 6.55

ಮಾಸ್ಟರೇ, ನಿಮ್ಮ ಲೆಕ್ಕ ಸರಿ. ಆದರೆ ಕೇರಳದ ನೋಂದಣಿ ಬರುವವರೆಗೆ ಮನೆಯಲ್ಲಿ ಕುಳಿತರೆ? ನಾಲ್ಕು ತಿಂಗಳು ಎಂದಿಟ್ಟುಕೊಳ್ಳಿ, 80,000 ಹೋಯಿತು. ಅದನ್ನು ನೀವು ಕಳೆಯಲೇ ಇಲ್ಲ.

ಲೆಕ್ಕದ ಮಾಸ್ಟರು · 7.02

ಒಪ್ಪಿದೆ. ಅದು ನನ್ನ ಲೆಕ್ಕದಲ್ಲಿ ಬಿಟ್ಟುಹೋದದ್ದು. ಆದರೆ ಮಂಗಳೂರಿನಲ್ಲಿ ಇರುವುದು ಇದೊಂದೇ ಆಸ್ಪತ್ರೆಯಲ್ಲವಲ್ಲ. ಕಾಯುವ ತಿಂಗಳುಗಳಿಗೆ ಬಾಂಡ್ ಇಲ್ಲದ ಕೆಲಸ ಅಲ್ಲಿಯೇ ಹುಡುಕಬಹುದು.

ಚೆಂಗಳ · 7.30

20,000 ಎಂಬ ಅಂಕಿ ಎಲ್ಲಿಂದ ಬಂತು ಎಂದು ಹೊಸಬರಿಗೆ ಗೊತ್ತಿರಲಿ. 2011–12ರಲ್ಲಿ ಕೇರಳದ ನರ್ಸುಗಳು ಆಸ್ಪತ್ರೆ ಆಸ್ಪತ್ರೆಯಲ್ಲಿ ಮುಷ್ಕರ ಕೂತರು. ಬಾಂಡ್ ತೆಗೆಯಿರಿ, ನಮ್ಮ ಸರ್ಟಿಫಿಕೇಟ್ ಹಿಂದೆ ಕೊಡಿ ಎಂಬುದೇ ಆಗಿನ ದೊಡ್ಡ ಬೇಡಿಕೆಗಳಲ್ಲಿ ಒಂದು. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ಕೇಂದ್ರ ಸರಕಾರ ನೇಮಿಸಿದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ 20,000ಕ್ಕಿಂತ ಕಡಿಮೆ ಕೊಡಬಾರದು ಎಂದಿತು. ಕೇರಳ ಸರಕಾರ 2018ರ ಏಪ್ರಿಲಿನಲ್ಲಿ ಅದನ್ನು ಕನಿಷ್ಠ ವೇತನದ ಆದೇಶವಾಗಿ ಹೊರಡಿಸಿತು. ತಲಪಾಡಿ ದಾಟಿದರೆ ಆ ಆದೇಶ ನಡೆಯುವುದಿಲ್ಲ. ಒಂದೇ ಬಸ್ಸಿನಲ್ಲಿ ಹೋಗುವ ಇಬ್ಬರು ನರ್ಸುಗಳಿಗೆ ಇಳಿಯುವ ನಿಲ್ದಾಣದ ಮೇಲೆ ಸಂಬಳ ಬೇರೆ.

ಆಚೆ ದಡ · 8.15

ನಾನು ಅನುಭವಿಸಿದ್ದು ಹೇಳುತ್ತೇನೆ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ.

ನನಗೂ ಕಂತು ಕಟ್ಟುತ್ತೇವೆ ಎಂದಿದ್ದರು. ಮೊದಲ ಹದಿನಾಲ್ಕು ತಿಂಗಳು ಕಟ್ಟಿದರು. ಆಮೇಲೆ ನಿಲ್ಲಿಸಿದರು. ನನಗೆ ಯಾರೂ ಹೇಳಲಿಲ್ಲ, ನಾನೂ ಖಾತೆ ನೋಡುತ್ತಿರಲಿಲ್ಲ. ಅವರು ಕಟ್ಟುತ್ತಿದ್ದಾರೆ ಎಂದೇ ನಂಬಿದ್ದೆ. ನಿಲ್ಲಿಸಿದ ನಾಲ್ಕನೇ ತಿಂಗಳು ಬ್ಯಾಂಕಿನವರು ಅಪ್ಪನಿಗೆ ಫೋನ್ ಮಾಡಿದರು. ಅಪ್ಪ ಆಗ ಸೊಸೈಟಿಯಲ್ಲಿ ಅಡಿಕೆ ಮಾರಲು ಸರದಿಯಲ್ಲಿ ನಿಂತಿದ್ದರು. ಸುತ್ತ ಊರವರು. ಮೂರು ಮೂರು ಸಲ "ಯಾವ ಸಾಲ, ಯಾವ ಸಾಲ" ಎಂದು ಗಟ್ಟಿಯಾಗಿ ಕೇಳಿದರಂತೆ. ಮನೆಗೆ ಬಂದವರು ನನಗೆ ಬೈಯಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ. ಅಷ್ಟೇ.

ತೊಂಬತ್ತು ದಿನ ಬಾಕಿ ಉಳಿದರೆ ಬ್ಯಾಂಕ್ ಅದನ್ನು ಕೆಟ್ಟ ಸಾಲವೆಂದು ಗುರುತಿಸುತ್ತದೆ. ಸಾಲ ತೀರಿಸುವ ನಡತೆಗೆ ಕೊಡುವ ಸಿಬಿಲ್ ಅಂಕ ಅಪ್ಪನದೂ ಕುಸಿಯಿತು, ಅವರ ಬೆಳೆಸಾಲಕ್ಕೆ ತಕರಾರು ಬಂತು. ಆಸ್ಪತ್ರೆಗೂ ನಿನಗೂ ಏನೇ ಒಪ್ಪಂದ ಇರಲಿ ತಂಗಿ, ಬ್ಯಾಂಕಿನ ಪುಸ್ತಕದಲ್ಲಿ ಸಾಲಗಾರರು ನೀನು ಮತ್ತು ನಿನ್ನ ಅಮ್ಮ. ಸಹಿ ಹಾಕಿದರೂ ಪ್ರತಿ ತಿಂಗಳೂ ಖಾತೆ ತೆರೆದು ನೋಡು. ಅವರು ಎರಡು ತಿಂಗಳು ತಪ್ಪಿಸಿದರೆ ಬಾಂಡ್ ರದ್ದು ಎಂದು ಬರೆಸಿಕೋ.

ಬಾಯಾರಿನ ಹುಡುಗಿ · 8.40

ಇದನ್ನು ಓದಿ ಅಮ್ಮನಿಗೂ ಹೇಳಿದೆ. ಅಂಥದ್ದೊಂದು ಸಾಲು ನಮ್ಮ ಕರಾರಿನಲ್ಲಿ ಇಲ್ಲ. ಅವರು ತಪ್ಪಿದರೆ ಏನು ಎಂಬುದು ಆರು ಪುಟದಲ್ಲಿ ಎಲ್ಲಿಯೂ ಇಲ್ಲ.

ಹೊಸಂಗಡಿ ವಕೀಲ · 9.10

ಕಾನೂನಿನ ಮಟ್ಟಿಗೆ ನಾಲ್ಕು ಮಾತು. ಯಾರನ್ನೂ ಬಲವಂತವಾಗಿ ಕೆಲಸದಲ್ಲಿ ಉಳಿಸಿಕೊಳ್ಳಲು ನ್ಯಾಯಾಲಯ ಆದೇಶ ಕೊಡುವುದಿಲ್ಲ. ಕೇಳಬಹುದಾದದ್ದು ಹಣ ಮಾತ್ರ. ಆ ಹಣಕ್ಕೂ 1872ರ ಕರಾರು ಕಾಯ್ದೆಯ 74ನೇ ಕಲಮಿನ ಮಿತಿ ಇದೆ: ಕಾಗದದಲ್ಲಿ ಬರೆದ ಮೊತ್ತ ಗರಿಷ್ಠ, ಕೊಡಿಸುವುದು ನ್ಯಾಯವಾದ ಪರಿಹಾರವನ್ನಷ್ಟೇ. ಎರಡು ವಾರ ವಾರ್ಡ್ ಸುತ್ತಿಸಿದ್ದಕ್ಕೆ 1 ಲಕ್ಷ ತರಬೇತಿ ವೆಚ್ಚ ಎಂದರೆ ಅದನ್ನು ಪ್ರಶ್ನಿಸಬಹುದು.

ಹಾಗೆಂದು ಬಾಂಡ್ ಬರೀ ಕಾಗದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ವಲಯದ ಬ್ಯಾಂಕೊಂದರ ಅಧಿಕಾರಿ ಮೂರು ವರ್ಷ ತುಂಬುವ ಮೊದಲೇ ಬಿಟ್ಟದ್ದಕ್ಕೆ 2 ಲಕ್ಷ ವಸೂಲಿ ಮಾಡುವ ಷರತ್ತನ್ನು ಎತ್ತಿಹಿಡಿದಿದೆ. ಅಲ್ಲಿ ಬ್ಯಾಂಕಿಗೆ ಮತ್ತೆ ನೇಮಕಾತಿ ನಡೆಸುವ ಖರ್ಚು ಇತ್ತು, ಅಧಿಕಾರಿಯ ಸಂಬಳವೂ ದೊಡ್ಡದಿತ್ತು. 16,500 ಸಂಬಳದ ನರ್ಸಿಗೆ ಅದೇ ಅಳತೆ ಹಿಡಿಯಬಾರದು ಎಂದು ವಾದಿಸಬಹುದು. ಆದರೆ ವಾದಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಆ ಓಡಾಟ ಯಾರಿಗೆ ಬೇಕು? ಈಗಲೇ, ಸಹಿಗೆ ಮುಂಚೆ, ಪೆನ್ನಿನಲ್ಲಿ ತಿದ್ದಿಸುವುದೇ ಸುಲಭ.

ಮೂಲ ಸರ್ಟಿಫಿಕೇಟ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ತೋರಿಸಿ, ನಕಲು ಕೊಟ್ಟು, ಮೂಲವನ್ನು ಕೈಯಲ್ಲೇ ಹಿಡಿದು ಬನ್ನಿ.

ಶಾರ್ಜಾ ನೈಟ್ · 9.48

ವಕೀಲರ ಕೊನೆಯ ಮಾತಿಗೆ ನನ್ನ ಎರಡೂ ಕೈ ಸೇರಿಸುತ್ತೇನೆ. ಗಲ್ಫಿಗೆ ಬರುವಾಗ ಪ್ರತಿಯೊಂದು ದಾಖಲೆಯನ್ನೂ ಮೂಲಕ್ಕೆ ಹೋಗಿ ಪರಿಶೀಲಿಸುತ್ತಾರೆ. ಕೆಲಸ ಮಾಡಿದ ಆಸ್ಪತ್ರೆಯ ಅನುಭವ ಪತ್ರವೂ ಅದರಲ್ಲಿ ಸೇರಿದೆ. ಬಾಂಡ್ ಮುರಿದು ಜಗಳವಾಡಿ ಹೊರಬಂದರೆ ಆ ಪತ್ರ ಯಾರು ಕೊಡುತ್ತಾರೆ? ಬಿಡುವಾಗ ಅನುಭವ ಪತ್ರ ತಡೆಹಿಡಿಯುವುದಿಲ್ಲ ಎಂದು ಬರೆಸಿಕೊಳ್ಳುವುದು 5,000ಕ್ಕಿಂತ ದೊಡ್ಡದು.

ಇನ್ನೊಂದು, ಸೌದಿ, ಕುವೈತ್‌ನಂಥ ದೇಶಗಳಿಗೆ 2015ರಿಂದ ನರ್ಸುಗಳನ್ನು ಕಳುಹಿಸುವುದು ನೋರ್ಕಾ, ಒಡೆಪೆಕ್‌ನಂಥ ಸರಕಾರಿ ಸಂಸ್ಥೆಗಳ ಮೂಲಕ. ಊರಲ್ಲಿ ಲಕ್ಷಗಟ್ಟಲೆ ಕೇಳುವ ಏಜೆಂಟರ ಹತ್ತಿರ ಹೋಗಬೇಡಿ.

ಕಿದೂರು · 10.20

ನೀವೆಲ್ಲ ಮುಖ್ಯವಾದ ಪ್ರಶ್ನೆಯನ್ನೇ ಕೇಳಲಿಲ್ಲ. ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಆಗಿರಬಹುದು. ಮೂರು ವರ್ಷದೊಳಗೆ ಮದುವೆ ಆದರೆ? ಗಂಡ ಬೆಂಗಳೂರಿನವನಾದರೆ? ದಂಡ ಕಟ್ಟುವವರು ಯಾರು, ಅಪ್ಪನೋ ಅಳಿಯನೋ?

ರಾತ್ರಿ ಪಾಳಿ · 10.24

ಅವಳು ಕೇಳಿದ್ದು ಸಾಲದ ಬಗ್ಗೆ. ಮದುವೆಯ ಬಗ್ಗೆ ಕೇಳಿದಾಗ ಹೇಳಿ.

ಕಿದೂರು · 10.29

ನಾನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನ್ನ ಅಕ್ಕನ ಮಗಳಿಗೆ ಹೀಗೇ ಆಗಿ ನಿಶ್ಚಿತಾರ್ಥ ಒಂದು ವರ್ಷ ಮುಂದೆ ಹೋಯಿತು.

ಆಚೆ ದಡ · 10.37

ಆ ಪ್ರಶ್ನೆಯನ್ನು ಬೇರೆ ರೀತಿ ಕೇಳಬಹುದು. ಹೆರಿಗೆ ರಜೆ ಕಾನೂನಿನಂತೆ 26 ವಾರ ಇದೆ. ಆ ಆರು ತಿಂಗಳನ್ನು ಬಾಂಡಿಗೆ ಸೇರಿಸುತ್ತಾರೆಯೇ, ಆ ತಿಂಗಳುಗಳ ಕಂತು ಕಟ್ಟುತ್ತಾರೆಯೇ? ಅವಳು ಎಂದು ಮದುವೆಯಾಗುತ್ತಾಳೆ ಎಂಬುದು ಅವಳ ವಿಚಾರ, ಷರತ್ತು ಏನು ಎಂಬುದು ಅವರು ಹೇಳಬೇಕಾದ ವಿಚಾರ.

ಕಿದೂರು · 10.41

ಹೌದು, ನಾನು ಹೇಳಬೇಕಿದ್ದದ್ದು ಅದೇ.

ಬ್ಯಾಂಕ್ ನಿವೃತ್ತ · 12.05

ಒಂದು ವಿಷಯ ಯಾರೂ ಎತ್ತಲಿಲ್ಲ. ಕುಟುಂಬದ ವರ್ಷದ ಆದಾಯ 4.5 ಲಕ್ಷದ ಒಳಗಿದ್ದರೆ ಕೋರ್ಸಿನ ಅವಧಿ ಮತ್ತು ಮುಂದಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರಕಾರ ಕೊಡುವ ಯೋಜನೆ ಇದೆ. ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇರುವ ಕೋರ್ಸುಗಳೂ ಅದರಲ್ಲಿ ಬರುತ್ತವೆ. ನಿನ್ನ ಬಡ್ಡಿ ಸುಮಾರು 1.4 ಲಕ್ಷ ಎಂದಾಯಿತಲ್ಲ? ಆಸ್ಪತ್ರೆ ಮೂರು ವರ್ಷ ಕಟ್ಟಿಸಿಕೊಂಡು ಕೊಡುವ ಮೊತ್ತಕ್ಕೂ ಇದಕ್ಕೂ ಬಹಳ ದೂರ ಇಲ್ಲ. ಆದರೆ ಅದನ್ನು ಬ್ಯಾಂಕ್ ವರ್ಷ ವರ್ಷವೂ ಸರಕಾರದಿಂದ ಕೇಳಬೇಕು, ಅದಕ್ಕೆ ಆದಾಯ ಪ್ರಮಾಣಪತ್ರ ಬೇಕು. ನಿನ್ನ ಶಾಖೆ ಅದನ್ನು ಕೇಳಿತ್ತೇ ಎಂದು ಇವತ್ತೇ ಹೋಗಿ ವಿಚಾರಿಸು.

ಕಂತು ಭಾರವಾದರೆ ಅವಧಿ ವಿಸ್ತರಿಸಲೂ ಕೇಳಬಹುದು, ಹದಿನೈದು ವರ್ಷದವರೆಗೆ ಅವಕಾಶ ಇದೆ. ಆಗ ಕಂತು 5,800ಕ್ಕೆ ಇಳಿಯುತ್ತದೆ. ಆದರೆ ಏಳು ವರ್ಷಕ್ಕೆ ಒಟ್ಟು ಏಳೂವರೆ ಲಕ್ಷ ಕಟ್ಟುವ ಕಡೆ ಹದಿನೈದು ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ. ಮೊದಲ ವರ್ಷಗಳಲ್ಲಿ ಉಸಿರಾಡಲು ಅದನ್ನು ತೆಗೆದುಕೊಂಡು, ಸಂಬಳ ಏರಿದಾಗ ಹೆಚ್ಚು ಹೆಚ್ಚು ಕಟ್ಟಿ ಮುಗಿಸು. ಶಿಕ್ಷಣ ಸಾಲವನ್ನು ಮುಂಚೆ ತೀರಿಸಿದರೆ ದಂಡ ಇಲ್ಲ.

ಪೆರ್ಲದವ · 12.18

ಆದಾಯ ಪ್ರಮಾಣಪತ್ರಕ್ಕೆ ಸರಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗುವಾಗ ಅರ್ಜಿಯನ್ನು ಕನ್ನಡದಲ್ಲಿಯೇ ಕೊಡಿ. ನಮ್ಮದು ಭಾಷಾ ಅಲ್ಪಸಂಖ್ಯಾತರ ಪ್ರದೇಶ, ಅದು ನಮ್ಮ ಹಕ್ಕು. ಮಲಯಾಳದಲ್ಲೇ ಬರೆಯಿರಿ ಎಂದರೆ ಬಿಟ್ಟುಕೊಡಬೇಡಿ.

ಚೆಂಗಳ · 12.25

ಹಕ್ಕಿಗಾಗಿ ಹೋರಾಡೋಣ. ಆದರೆ ನಾಲ್ಕು ದಿನದಲ್ಲಿ ಕಾಗದ ಬೇಕಾದವಳ ಕೈಯಲ್ಲಿ ಹೋರಾಟ ಮಾಡಿಸುವುದು ಬೇಡ ಅಣ್ಣ. ಅವಳಿಗೆ ಮೊದಲು ಕಾಗದ ಸಿಗಲಿ.

ಪೆರ್ಲದವ · 12.31

ಹೀಗೆ ಪ್ರತಿ ಸಲ ಮುಂದೂಡಿಯೇ ಅಲ್ಲವೇ ನಮ್ಮ ಮಕ್ಕಳು ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕುತ್ತಿರುವುದು? ಈ ಹುಡುಗಿಯ ತಾಯಿಯ ಮುಂದೆ ಇಟ್ಟದ್ದೂ ಇಂಗ್ಲಿಷ್ ಕರಾರೇ. ಅದನ್ನು ಕನ್ನಡದಲ್ಲಿ ಕೊಡಿ ಎಂದು ಕೇಳುವುದರಲ್ಲಿ ತಪ್ಪೇನು?

ಹೊಸಂಗಡಿ ವಕೀಲ · 12.40

ತಪ್ಪಿಲ್ಲ. ಕೇಳಬೇಕು.

ಬಾಯಾರಿನ ಹುಡುಗಿ · ಸೋಮವಾರ ರಾತ್ರಿ 8.50

ನಾಲ್ಕು ದಿನ ಉತ್ತರಿಸಲಾಗಲಿಲ್ಲ, ಎಲ್ಲರೂ ಕ್ಷಮಿಸಬೇಕು. ನಡೆದದ್ದನ್ನು ಬರೆಯುತ್ತೇನೆ.

ಶುಕ್ರವಾರ ಮಧ್ಯಾಹ್ನವೇ ಬ್ಯಾಂಕಿಗೆ ಹೋದೆವು. ಮೊದಲ ಎರಡು ವರ್ಷದ ಬಡ್ಡಿ ಸಹಾಯಕ್ಕೆ ಅವರು ಅರ್ಜಿ ಹಾಕಿದ್ದರಂತೆ. ಆಮೇಲೆ ನಾವು ಆದಾಯ ಪ್ರಮಾಣಪತ್ರ ಕೊಡಲಿಲ್ಲ ಎಂದು ನಿಲ್ಲಿಸಿದ್ದಾರೆ. ಕೊಡಬೇಕೆಂದು ನಮಗೆ ಗೊತ್ತೇ ಇರಲಿಲ್ಲ. ಈ ವರ್ಷದ್ದಕ್ಕೆ ಪ್ರಮಾಣಪತ್ರ ತಂದರೆ ಕಳುಹಿಸುತ್ತೇವೆ, ಬಿಟ್ಟುಹೋದದ್ದನ್ನು ಮೇಲಿನ ಕಚೇರಿಗೆ ಬರೆದು ಕೇಳುತ್ತೇವೆ ಎಂದರು. ಶನಿವಾರ ಅರ್ಜಿ ಕೊಟ್ಟೆವು. ಪೆರ್ಲದ ಅಣ್ಣ, ಕನ್ನಡದಲ್ಲಿಯೇ ಕೊಟ್ಟೆವು, ತೆಗೆದುಕೊಂಡರು.

ಇವತ್ತು ಅಮ್ಮನನ್ನು ಕರೆದುಕೊಂಡು ಮಂಗಳೂರಿಗೆ ಹೋಗಿದ್ದೆ. ಮಾಸ್ಟರು ಹೇಳಿದ ಪ್ರಶ್ನೆಯನ್ನೇ ಮೊದಲು ಕೇಳಿದೆ. ಎಚ್‌ಆರ್‌ನವರು ಸ್ವಲ್ಪ ಹೊತ್ತು ಕಂಪ್ಯೂಟರ್ ನೋಡಿ, ಯೋಜನೆ ಬೇಡವಾದರೆ 19,000 ಎಂದರು. ಒಂದು ತಿಂಗಳು ಮುಂಚೆ ತಿಳಿಸಿದರೆ ಬಿಡಬಹುದು.

ಬಸ್ಸಿನಲ್ಲಿ ಬರುವಾಗ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಮಾಡಿದೆ. 21,500ರಲ್ಲಿ 19,000 ಕಳೆದರೆ 2,500. ಮೂವತ್ತಾರು ತಿಂಗಳಿಗೆ 90,000. ಅವರು ನನಗೆ ನಿಜವಾಗಿ ಕೊಡುವುದು 90,000, ಬಿಟ್ಟರೆ ಕೇಳುವ ದಂಡವೇ 1,00,000. ಅದರ ಮೇಲೆ ಕಟ್ಟಿದ್ದೆಲ್ಲ ವಾಪಸ್ ಬೇರೆ.

ಷರತ್ತುಗಳನ್ನೂ ಒಂದೊಂದಾಗಿ ಕೇಳಿದೆ. ಖಾಲಿ ಚೆಕ್ ಬೇಡ ಎಂದು ಒಪ್ಪಿದರು. ಸರ್ಟಿಫಿಕೇಟಿನ ನಕಲು ಸಾಕು ಎಂದರು. ದಂಡ ವರ್ಷ ವರ್ಷ ಇಳಿಯುವುದು, ಅವರು ಕಂತು ತಪ್ಪಿಸಿದರೆ ಬಾಂಡ್ ರದ್ದು ಮಾಡುವುದು, ಇವೆರಡಕ್ಕೂ ಮೇಲಿನವರನ್ನು ಕೇಳಬೇಕು, ಈವರೆಗೆ ಯಾರೂ ಇದನ್ನೆಲ್ಲ ಕೇಳಿಲ್ಲ ಎಂದರು.

ಯೋಜನೆ ಬೇಡ, 19,000ಕ್ಕೆ ಸೇರುತ್ತೇನೆ ಎಂದು ಹೇಳಿ ಬಂದೆ. ಕೇರಳದ ನೋಂದಣಿ ಬಂದ ಮೇಲೆ ಮುಂದಿನದು ನೋಡುತ್ತೇನೆ. ಅಪ್ಪನಿಗೆ ಬೇಸರ ಇದೆ. ಅಮ್ಮ ಚೆಕ್ ಪುಸ್ತಕವನ್ನು ಬಸ್ಸಿನುದ್ದಕ್ಕೂ ಸೆರಗಿನ ಒಳಗೆ ಹಿಡಿದುಕೊಂಡೇ ಕುಳಿತಿದ್ದರು. ಮನೆಗೆ ಬಂದು ಅಕ್ಕಿ ಡಬ್ಬದ ಹಿಂದೆ ಇಟ್ಟ ಮೇಲೆಯೇ ಕಾಫಿಗೆ ನೀರಿಟ್ಟರು.

ರಾತ್ರಿ ಪಾಳಿ · 9.01

ಐಸಿಯು ಕೇಳಿ ತೆಗೆದುಕೋ. ಬಾಂಡ್ ಇಲ್ಲದವರನ್ನು ಹೊರರೋಗಿ ವಿಭಾಗದಲ್ಲೇ ಕೂರಿಸುವುದುಂಟು. ಮೊದಲ ವಾರವೇ ಕೇಳು.

ಲೆಕ್ಕದ ಮಾಸ್ಟರು · 9.06

ಉಳಿಯುವ ಹಣವನ್ನು ಪ್ರತಿ ತಿಂಗಳೂ ಸಂಬಳದ ದಿನವೇ ಸಾಲದ ಖಾತೆಗೆ ಹಾಕಿಬಿಡು ಮಗಳೇ. ಮೂರು ದಿನ ಬಿಟ್ಟರೆ ಅದು ಮನೆಯ ಖರ್ಚಿಗೆ ಹೋಗುತ್ತದೆ, ಆಗ ಆ 5,000ದ ಯೋಜನೆಯೇ ವಾಸಿಯಾಗಿತ್ತು ಎಂದಾಗುತ್ತದೆ.

ಬಾಯಾರಿನ ಹುಡುಗಿ · 9.12

ಹಾಗೆಯೇ ಮಾಡುತ್ತೇನೆ ಮಾಸ್ಟರೇ. ಬ್ಯಾಂಕಿನಲ್ಲಿ ಐದನೇ ತಾರೀಕಿಗೆ ತಾನಾಗಿಯೇ ಹೋಗುವಂತೆ ಬರೆದುಕೊಡುತ್ತೇನೆ.

ತೋಟದ ಮಾವ · 9.30

ನನ್ನ ತಂಗಿಯ ಮಗಳು ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾದ ಎರಡನೇ ವರ್ಷದಲ್ಲಿದ್ದಾಳೆ. ಅವಳ ಕಾಲೇಜಿನಲ್ಲೂ ಇಂಥದ್ದೇ ಕಾಗದ ಹಂಚಿದ್ದಾರೆ, ನಾನೇ ಸಹಿ ಹಾಕು ಎಂದಿದ್ದೆ. ಆಸ್ಪತ್ರೆಯ ಹೆಸರು ಮುಚ್ಚಿ ನಿನ್ನ ಆ ಆರು ಪುಟಗಳನ್ನು ಇಲ್ಲಿ ಹಾಕಲಾದೀತೇ ಮಗಳೇ? ಹೋಲಿಸಿ ನೋಡಬೇಕು. ನಾಳೆ ಬೆಳಿಗ್ಗೆ ಅವಳಿಗೆ ಫೋನ್ ಮಾಡುತ್ತೇನೆ.